ಹಳೇ ಮನೆಯ ಸಾಮಾನು, ಹೊಸ ಫ್ಲ್ಯಾಟಿನ ಗೋಡೆ

ಪ್ರಶ್ನೆ: ಧಾರವಾಡದ ಹತ್ತಿರದ ನಮ್ಮ ಹಳ್ಳಿ ಮನೆಯನ್ನು ಈ ಬೇಸಿಗೆಯಲ್ಲಿ ಕೆಡವುತ್ತಿದ್ದಾರೆ. ಗಾಜು, ಕಟ್ಟು ಇರುವ ಸುಮಾರು 40 ಫೋಟೊ, ಒಂದು ಆಲ್ಬಂ, ಅಜ್ಜಿಯ ಕಸೂತಿ ಹಾಕಿದ ಇಳಕಲ್ ಸೀರೆ, ಒಂದು ಗಂಟು ಹಳೇ ಹತ್ತಿ ಸೀರೆ, ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆಗಳು, ಕಲಘಟಗಿ ತೊಟ್ಟಿಲು, ನವಲಗುಂದದ ಜಮಖಾನ, ಬೀಸುವ ಕಲ್ಲು ಮತ್ತು ಎರಡು ಸಾಗುವಾನಿ ಕಂಬ ನನ್ನ ಪಾಲಿಗೆ ಬಂದಿವೆ. ಬೆಂಗಳೂರಿನಲ್ಲಿ 9ನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟ್ ನಮ್ಮದು. ಒಳಾಂಗಣ ವಿನ್ಯಾಸ ಮಾಡುವವರು ಐದು ಸಲಹೆ ಕೊಟ್ಟಿದ್ದಾರೆ: ಫೋಟೊಗಳನ್ನು ಲ್ಯಾಮಿನೇಟ್ ಮಾಡಿ ಒಂದು ಗೋಡೆ ತುಂಬಿಸುವುದು, ಸೀರೆ ಕತ್ತರಿಸಿ ಕುಶನ್ ಹೊಲಿಸುವುದು, ಹಂಡೆಗೆ ಹೊಳಪು ಕೊಟ್ಟು ಗಿಡ ನೆಡುವುದು, ತೊಟ್ಟಿಲನ್ನು ಹಾಲ್‌ನ ಚಾವಣಿಗೆ ತೂಗುಹಾಕುವುದು, ಕಂಬ ಉಜ್ಜಿ ಪಾಲಿಶ್ ಮಾಡಿಸುವುದು. ಒಪ್ಪಲೇ? ಮನೆ ನಮ್ಮದು ಅನ್ನಿಸಬೇಕು, ಆದರೆ ಮ್ಯೂಸಿಯಂ ಆಗಬಾರದು.

ಉತ್ತರ: ಐದರಲ್ಲಿ ಮೂರು ಕೆಲಸ ಒಮ್ಮೆ ಮಾಡಿದರೆ ಹಿಂದಕ್ಕೆ ಬರುವಂಥವಲ್ಲ. ಲ್ಯಾಮಿನೇಶನ್, ಸೀರೆಗೆ ಕತ್ತರಿ, ಕಂಬಕ್ಕೆ ಸ್ಯಾಂಡಿಂಗ್ ಮೆಷಿನ್. ಈ ಮೂರನ್ನು ಇವತ್ತೇ ಬೇಡ ಅನ್ನಿ. ಗಿಡ ಮತ್ತು ತೊಟ್ಟಿಲಿನ ಸಲಹೆಗಳನ್ನು ತಿದ್ದಿಕೊಂಡರೆ ನಡೆಯುತ್ತದೆ.

ನಿಮ್ಮ ಪಟ್ಟಿಯನ್ನು ಕೋಣೆವಾರು ಹಂಚುವ ಮೊದಲು ಎರಡು ಗುಂಪು ಮಾಡಿಕೊಳ್ಳಿ. ಕಾಗದ ಮತ್ತು ಬಟ್ಟೆಯನ್ನು ಬೆಳಕೇ ತಿಂದುಹಾಕುತ್ತದೆ. ಗೋಡೆಗೆ ಹಾಕಿದ ದಿನದಿಂದಲೇ ಬಣ್ಣ ಹೋಗಲು ಶುರು, ಹೋದ ಬಣ್ಣ ಮರಳಿ ಬರುವುದಿಲ್ಲ. ಲೋಹ, ಮರ, ಕಲ್ಲಿಗೆ ಬೆಳಕಿನ ಭಯ ಅಷ್ಟಿಲ್ಲ. ಅವು ಕೆಡುವುದು ಬಾಲ್ಕನಿ ಮೂಲೆಯಲ್ಲಿ, ಅಟ್ಟದ ಮೇಲೆ, ಯಾರೂ ಮುಟ್ಟದೆ ಬಿಟ್ಟಾಗ. ಹಾಗಾಗಿ ಮೊದಲ ಗುಂಪಿನದರಲ್ಲಿ ಕಣ್ಣಿಗೆ ನಕಲು ಸಾಕು, ಮೂಲ ಪೆಟ್ಟಿಗೆಯಲ್ಲಿರಲಿ. ಎರಡನೆಯ ಗುಂಪಿನದರಲ್ಲಿ ಮೂಲವೇ ದಿನಬಳಕೆಗೆ ಬರಲಿ. ಮ್ಯೂಸಿಯಂ ಆಗುವ ಭಯಕ್ಕೂ ಇದೇ ಮದ್ದು: ಕೈ ಸೋಕುವ ಸಾಮಾನು ಮನೆಯಲ್ಲಿ ಇದ್ದಷ್ಟೂ ಗೋಡೆಯ ಮೇಲೆ ಕಡಿಮೆ ಸಾಕಾಗುತ್ತದೆ.

ಫೋಟೊಗಳು

ಲ್ಯಾಮಿನೇಶನ್ ಯಾಕೆ ಬೇಡ? ಬಿಸಿ ರೋಲರಿನಲ್ಲಿ ಪ್ಲಾಸ್ಟಿಕ್ಕಿನ ಅಂಟು ಕರಗಿ ಫೋಟೊದ ಮೈಗೆ ಕೂತುಬಿಡುತ್ತದೆ. ಹಳೇ ಫೋಟೊಗಳ ಚಿತ್ರ ಇರುವುದು ಜಿಲೆಟಿನ್ ಪದರದಲ್ಲಿ, ಅಂದರೆ ಒಂದು ಬಗೆಯ ಸರೇಸಿನಲ್ಲಿ. ಮುಂದೆ ಪ್ಲಾಸ್ಟಿಕ್ ಹಳದಿಯಾಗಿ ಏಳತೊಡಗಿದಾಗ ಆ ಪದರವನ್ನೂ ಎತ್ತಿಕೊಂಡು ಬರುತ್ತದೆ.

ಈ ಜಿಲೆಟಿನ್ ತೇವ ಕುಡಿದರೆ ಮೆತ್ತಗಾಗಿ ಗಾಜಿಗೆ ಹತ್ತಿಕೊಳ್ಳುತ್ತದೆ. ನಿಮ್ಮ 40 ಕಟ್ಟುಗಳಲ್ಲಿ ಒಂದಷ್ಟು ಖಂಡಿತ ಹೀಗಿರುತ್ತವೆ. ಗಾಜಿನ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಒದ್ದೆ ಮಚ್ಚೆಯಂತೆ ಕಾಣುವ ಜಾಗ ಅಂಟಿದ್ದು. ಅಂಥದ್ದನ್ನು ಬಿಡಿಸಲು ಹೋಗಬೇಡಿ, ನೀರಿನಲ್ಲಿ ನೆನೆಹಾಕಲೂಬೇಡಿ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ, ಹಾಗೇ ಕಟ್ಟಿಡಿ. ಅಂಟದ ಫೋಟೊಗಳನ್ನು ಹೊರಗೆ ತೆಗೆಯಲು ಹಿಂಬದಿಯ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತು, ಹಲಗೆ ಎತ್ತಿ. ಹಲಗೆ ಹಿಂದೆ ತುಂಬಿದ ಹಳೇ ಪೇಪರನ್ನು ಎಸೆಯುವ ಮೊದಲು ತಾರೀಕು ನೋಡಿಕೊಳ್ಳಿ. ಎಷ್ಟೋ ಸಲ ಆ ಫೋಟೊ ಕಟ್ಟಿಸಿದ ವರ್ಷ ಗೊತ್ತಾಗುವುದು ಅದರಿಂದಲೇ.

ಆಲ್ಬಂ ಅಂಟು ಹಾಳೆಯದಾಗಿದ್ದರೆ, ಅಂದರೆ ಪ್ಲಾಸ್ಟಿಕ್ ಪರದೆ ಎತ್ತಿ ಫೋಟೊ ಅಂಟಿಸುವ ನಮೂನೆಯದಾಗಿದ್ದರೆ, ಫೋಟೊಗಳನ್ನು ಅದರಿಂದ ಮೊದಲು ಬಿಡಿಸಿ. ಆ ಅಂಟು ಹಿಂದಿನಿಂದ ಫೋಟೊವನ್ನು ಹಳದಿ ಗೀರು ಗೀರಾಗಿ ಸುಡುತ್ತದೆ. ಹಲ್ಲು ಶುಚಿ ಮಾಡುವ ಫ್ಲಾಸ್ ದಾರವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಮೂಲೆಯಿಂದ ಫೋಟೊದ ಹಿಂದೆ ಗರಗಸದಂತೆ ಆಡಿಸಿ. ಫೋಟೊ ಬಾಗಬಾರದು, ಬೇಕಾದರೆ ಹಾಳೆಯನ್ನು ಬಾಗಿಸಿ.

ಸ್ಕ್ಯಾನ್ ಅಂಗಡಿಯವರಿಗೆ ಅಳತೆ ನೀವೇ ಹೇಳಿ, ಇಲ್ಲದಿದ್ದರೆ 200 ಅಥವಾ 300 ಡಿಪಿಐಗೆ (ಅಂದರೆ ಇಂಚಿಗೆ ಅಷ್ಟು ಚುಕ್ಕಿ) ಮುಗಿಸಿಬಿಡುತ್ತಾರೆ. ಪೋಸ್ಟ್ ಕಾರ್ಡ್ ಅಳತೆಯವಕ್ಕೆ 600, ಪಾಸ್‌ಪೋರ್ಟ್ ಅಳತೆಯವಕ್ಕೆ 1200. ಲೆಕ್ಕ ಸರಳ: 3 ಇಂಚು ಅಗಲದ ಫೋಟೊವನ್ನು 600ಕ್ಕೆ ಸ್ಕ್ಯಾನ್ ಮಾಡಿದರೆ 1800 ಚುಕ್ಕಿ ಸಿಗುತ್ತದೆ, ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಬೇಕು, ಹಾಗಾಗಿ 6 ಇಂಚಿನವರೆಗೆ ದೊಡ್ಡದು ಮಾಡಬಹುದು. ಮೂಲ ಪ್ರತಿಯನ್ನು ವಿವರ ಕಳೆಯದ ಟಿಫ್ ಕಡತವಾಗಿ ಉಳಿಸಿಕೊಂಡು, ಅಣ್ಣ ತಮ್ಮಂದಿರಿಗೆ ಕಳಿಸಲು ಜೆಪೆಗ್ ಮಾಡಿಕೊಳ್ಳಿ. ಕಪ್ಪು ಬಿಳುಪಿನದನ್ನೂ ಬಣ್ಣದ ಸೆಟ್ಟಿಂಗಿನಲ್ಲೇ ಸ್ಕ್ಯಾನ್ ಮಾಡಿಸಿ, ಆ ಕಂದು ಛಾಯೆ ಉಳಿಯುತ್ತದೆ. 70, 80ರ ದಶಕದ ಬಣ್ಣದ ಫೋಟೊಗಳು ಕೆಂಪಡರಿರುತ್ತವೆ, ನೀಲಿ ಬಣ್ಣವೇ ಮೊದಲು ಹೋಗುವುದರಿಂದ. ಇದನ್ನು ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ತಿದ್ದಬಹುದು. ಆದರೆ ಮುಖವನ್ನು ನುಣ್ಣಗೆ ಮಾಡಿಕೊಡುವ ಆ್ಯಪ್‌ಗಳಿಂದ ದೂರ ಇರಿ. ಅವು ಕೊಡುವುದು ಅಜ್ಜಿಯಂಥ ಬೇರೆ ಯಾರೋ ಒಬ್ಬರನ್ನು.

ಇದೇ ವೇಳೆಗೆ ಊರಿನ ಹಿರಿಯರ ಮುಂದೆ ಫೋಟೊಗಳನ್ನು ಹರವಿ ಹೆಸರು, ಸಂಬಂಧ, ಊರು, ಸಂದರ್ಭ ಬರೆದುಕೊಳ್ಳಿ. ಉಳಿದೆಲ್ಲ ಕೆಲಸ ಮುಂದಿನ ವರ್ಷಕ್ಕೆ ಇಟ್ಟುಕೊಂಡರೂ ಇದನ್ನು ಮನೆ ಕೆಡವುವ ಮೊದಲು ಮುಗಿಸಿ. ಫೋಟೊದ ಹಿಂದೆ ಬರೆಯುವುದಾದರೆ 2ಬಿ ಪೆನ್ಸಿಲ್, ಹಗುರ ಕೈ. ಬಾಲ್ ಪೆನ್ನಿನ ಒತ್ತು ಮುಂದೆ ಉಬ್ಬಾಗಿ ಕಾಣುತ್ತದೆ. ಬಣ್ಣದ ಫೋಟೊದ ನುಣುಪು ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ, ಅಂಥವನ್ನು ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಬರೆಯಿರಿ. ಫೋಟೊ ಒಳಗಿಡುವ ಮೊದಲೇ ಬರೆಯಬೇಕು.

ಗೋಡೆಗೆ ನಲವತ್ತೂ ಬೇಡ. ಒಂಬತ್ತರಿಂದ ಹನ್ನೆರಡು ಸಾಕು. ಆರಿಸುವಾಗ ಸ್ಟುಡಿಯೋದಲ್ಲಿ ನೆಟ್ಟಗೆ ಕೂತು ತೆಗೆಸಿದವಕ್ಕಿಂತ ಹಿನ್ನೆಲೆಯಲ್ಲಿ ಮನೆ ಕಾಣುವಂಥವಕ್ಕೆ ಮಣೆ ಹಾಕಿ: ಕಟ್ಟೆಯ ಮೇಲೆ ಕೂತವರು, ಎತ್ತಿನ ಪಕ್ಕ ನಿಂತವರು, ಹಿಂದೆ ಇದೇ ಕಂಬ ಇರುವುದು. ಕಂಬ ಮತ್ತು ಕಂಬದ ಫೋಟೊ ಒಂದೇ ಕೋಣೆಯಲ್ಲಿದ್ದರೆ ವಿವರಣೆ ಬೇಕಾಗುವುದಿಲ್ಲ.

ಕಟ್ಟು ಹಾಕಿಸುವಾಗ ಪ್ರಿಂಟು ಗಾಜಿಗೆ ತಾಗದಂತೆ ನಡುವೆ ಕಿಟಕಿ ಕತ್ತರಿಸಿದ ಮೌಂಟ್ ಬೋರ್ಡ್ ಹಾಕಿಸಿ, ಆಸಿಡ್ ಫ್ರೀ ಎಂದೇ ಕೇಳಿ. ಹಳೇ ಕಟ್ಟುಗಳು ಗಟ್ಟಿಯಿದ್ದರೆ ಅವುಗಳಲ್ಲೇ ನಕಲು ಕೂರಿಸಿ, ಹಳೇ ಗಾಜೂ ಇರಲಿ. ಕಟ್ಟಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ 5 ಮಿ.ಮೀ. ದಪ್ಪದ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಬಾತ್‌ರೂಮಿಗೆ ಹೊಂದಿದ ಗೋಡೆ ಬೇಡವೇ ಬೇಡ. ಪಶ್ಚಿಮದ ಕಿಟಕಿಯ ಬಿಸಿಲು ನೇರ ಬೀಳುವ ಗೋಡೆಯೂ ಬೇಡ, ನಕಲಾದರೂ ಅಷ್ಟೇ.

ಎತ್ತರದ ವಿಷಯ. ಹಳ್ಳಿ ಮನೆಯಲ್ಲಿ ಫೋಟೊಗಳು ಬಾಗಿಲ ಮೇಲೆ, ತೊಲೆಯ ಹತ್ತಿರ, ಮುಂದಕ್ಕೆ ಬಾಗಿ ನಿಂತಿರುತ್ತವೆ. ಕೆಳಗೆ ಜಮಖಾನದ ಮೇಲೆ ಕೂತವರಿಗೆ ಕಾಣಲು ಆ ವಾಲು ಬೇಕು. ಫ್ಲ್ಯಾಟಿನಲ್ಲಿ ಎಲ್ಲರೂ ಸೋಫಾದಲ್ಲಿ, ಇಲ್ಲವೇ ನಿಂತು ನೋಡುವವರು. ಇಡೀ ಗುಂಪಿನ ನಡುಮಧ್ಯ ನೆಲದಿಂದ 145–150 ಸೆಂ.ಮೀ.ಗೆ ಬರಲಿ, ಕಟ್ಟುಗಳ ನಡುವೆ 5 ಸೆಂ.ಮೀ. ಬಿಡಿ. ಸೋಫಾ ಮೇಲಾದರೆ ಅದರ ಬೆನ್ನಿನಿಂದ 15–20 ಸೆಂ.ಮೀ. ಮೇಲೆ ಶುರುವಾಗಲಿ. ಕಟ್ಟುಗಳ ಅಳತೆಗೆ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿ ಎರಡು ದಿನ ನೋಡಿ, ಆಮೇಲೆ ಡ್ರಿಲ್. ಒಂದೆರಡನ್ನು ಬೇಕೆಂದೇ ಬಾಗಿಲ ಮೇಲೆ ಹಳೇ ರೀತಿ ಹಾಕುವ ಆಸೆಯಿದ್ದರೆ, ತಂತಿ ಕಟ್ಟುವ ಕೊಕ್ಕೆಗಳನ್ನು ಕಟ್ಟಿನ ಅರ್ಧ ಎತ್ತರಕ್ಕೆ ಇಳಿಸಿ. ಕೊಕ್ಕೆ ಕೆಳಗಿಳಿದಷ್ಟೂ ವಾಲು ಹೆಚ್ಚು.

ಡ್ರಿಲ್ ಹಾಕುವ ಮೊದಲು ಗೋಡೆ ಯಾವುದರದ್ದು ಎಂದು ಕೇಳಿ ತಿಳಿಯಿರಿ. ಅಚ್ಚಿಗೆ ಕಾಂಕ್ರೀಟು ಸುರಿದು ಕಟ್ಟುವ ಮೈವಾನ್ ಪದ್ಧತಿಯ ಕಟ್ಟಡದಲ್ಲಿ ಗೋಡೆಯೆಲ್ಲ ಕಾಂಕ್ರೀಟು, ಸಾದಾ ಡ್ರಿಲ್ ಜಾರುತ್ತದೆ, ಹ್ಯಾಮರ್ ಡ್ರಿಲ್ಲೇ ಬೇಕು. ಹಗುರ ಎಎಸಿ ಬ್ಲಾಕಿನದಾದರೆ ತೂತು ಸಲೀಸಾಗಿ ಬೀಳುತ್ತದೆ, ಆದರೆ ಸಾದಾ ರಾವಲ್ ಪ್ಲಗ್ ಪುಡಿಯಲ್ಲಿ ತಿರುಗಿ ಕಿತ್ತುಬರುತ್ತದೆ. ಅದಕ್ಕೆಂದೇ ಬರುವ ಉದ್ದನೆಯ ನೈಲಾನ್ ಪ್ಲಗ್ ಹಾಕಿಸಿ, ಹ್ಯಾಮರ್ ಆಫ್ ಮಾಡಿ ಕೊರೆಯಲು ಹೇಳಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ವೈರು ಹೋಗಿರುತ್ತದೆ, ಅಲ್ಲಿ ಕೊರೆಯಬಾರದು.

ಗತಿಸಿದವರ ಫೋಟೊ ದೇವರ ಜೊತೆ ಇಡಬಾರದು ಎಂಬುದು ನಿಮ್ಮ ಮನೆಯ ರೂಢಿಯಾಗಿದ್ದರೆ ಅದನ್ನೇ ಪಾಲಿಸಿ. ಅದರಲ್ಲಿ ಒಂದು ಅನುಕೂಲವೂ ಉಂಟು: ದೀಪದ ಮಸಿ, ಊದುಬತ್ತಿಯ ಜಿಡ್ಡು ತಪ್ಪುತ್ತದೆ. ಹೂಮಾಲೆ ಹಾಕುವ ಫೋಟೊ ನಕಲೇ ಆಗಿರಲಿ, ಒದ್ದೆ ಹೂವಿನ ನೀರು ಗಾಜಿನ ಅಂಚಿನಿಂದ ಒಳಗಿಳಿಯುತ್ತದೆ.

ಸೀರೆಗಳು

ಹಳೇ ಸೀರೆ ಕತ್ತರಿಸುವುದು ಪಾಪವೇನಲ್ಲ. ನಿಮ್ಮ ಕಡೆ ಕೌದಿ ಹುಟ್ಟಿದ್ದೇ ಹಾಗೆ. ಯಾವ ಸೀರೆ ಎಂಬುದೇ ಪ್ರಶ್ನೆ. ಕಸೂತಿ ಇರುವ ಇಳಕಲ್ ಸೀರೆಗೆ ಕತ್ತರಿ ಬೇಡ. ಇಳಕಲ್‌ನಲ್ಲಿ ಒಡಲು ಮತ್ತು ಸೆರಗನ್ನು ಬೇರೆ ಬೇರೆ ಹಾಸಿನಲ್ಲಿ ಸಿದ್ಧಮಾಡಿ ಕೊಂಡಿ ಕೊಂಡಿಯಾಗಿ ಸಿಕ್ಕಿಸಿ ನೇಯುತ್ತಾರೆ. ಕತ್ತರಿ ಆ ಜಾಗದ ಹತ್ತಿರ ಬಂದರೆ ಎಳೆ ಜಾರಿ ಬಿಚ್ಚತೊಡಗುತ್ತದೆ. ಕಸೂತಿಯೂ ಅಷ್ಟೇ. ಗವಂತಿ, ಮುರ್ಗಿ ಹೊಲಿಗೆಗಳು ಗಂಟಿಲ್ಲದೆ, ಎಳೆ ಎಣಿಸಿ ಹೋಗಿ ಅದೇ ದಾರಿಯಲ್ಲಿ ಮರಳುವಂಥವು. ನಡುವೆ ಕತ್ತರಿಸಿದರೆ ತುದಿ ಹಿಡಿದಿಡಲು ಏನೂ ಇರುವುದಿಲ್ಲ. ಮೇಲಾಗಿ ಕುಶನ್ ಎಂದರೆ ದಿನವೂ ಬೆನ್ನು, ಬೆವರು, ಎಣ್ಣೆ ತಲೆ. ನೂಲು ಹಣ್ಣಾದ ಸೀರೆ ಎಷ್ಟು ದಿನ ತಾಳೀತು?

ಸೆರಗು ಕಾಣುವಂತೆ ಇಡಲು ಹೀಗೆ ಮಾಡಿ. 2 ಇಂಚು ದಪ್ಪದ ಮರದ ಕೋಲು, ಸೀರೆಯ ಅಗಲಕ್ಕಿಂತ 4 ಇಂಚು ಉದ್ದ. ಮರದಿಂದ ಹೊರಡುವ ಆಮ್ಲ ಬಟ್ಟೆಗೆ ತಾಗದಂತೆ ಅದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಮೇಲೆ ಒಗೆದ ಮಲ್ ಬಟ್ಟೆ ಎರಡು ಸುತ್ತು. ಸೀರೆಯ ಉಳಿದ ಭಾಗ ಕೋಲಿಗೆ ಸುರುಳಿಯಾಗಿರಲಿ, ಸೆರಗು ಮಾತ್ರ ಮುಂದೆ ಇಳಿಯಲಿ, ಎರಡು ಮೂರು ಅಡಿ ಸಾಕು. ಮೊಳೆ, ಪಿನ್ನು, ಅಂಟು, ಕ್ಲಿಪ್ಪು ಯಾವುದೂ ಬೇಡ. ದಸರಾದಿಂದ ಸಂಕ್ರಾಂತಿವರೆಗೆ ಹೊರಗಿಡಿ, ಆಮೇಲೆ ಪೂರ್ತಿ ಸುರುಳಿ ಸುತ್ತಿ ಮಲ್ ಬಟ್ಟೆಯಲ್ಲಿ ಕಟ್ಟಿ ಬೀರುವಿಗೆ. ವರ್ಷದಲ್ಲಿ ಮೂರು ತಿಂಗಳ ಬೆಳಕು, ಮಳೆಗಾಲದ ತೇವವಂತೂ ತಗಲುವುದಿಲ್ಲ. ಹಬ್ಬಕ್ಕೆ ಹೊರಬರುವ ಸಾಮಾನಿಗೆ ಇರುವ ಗೌರವ ವರ್ಷವಿಡೀ ನೇತಾಡುವುದಕ್ಕೆ ಇರುವುದಿಲ್ಲ.

ಇಡುವ ಮೊದಲು ಒಗೆಸಬೇಡಿ. ಹಳೇ ಕೆಂಪು ಬಣ್ಣ ನೀರು ಕಂಡರೆ ಹರಿಯುತ್ತದೆ. ಒಳಮಡಿಕೆಯ ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡಿ, ಗುಲಾಬಿಯಾದರೆ ಗಾಳಿಗೆ ಹರವಿದಷ್ಟೇ ಸಾಕು, ಅದೂ ನೆರಳಲ್ಲಿ. ಬೀರುವಿನಲ್ಲಿ ಬಜೆ ಬೇರು, ಒಣಗಿದ ಬೇವಿನೆಲೆಯನ್ನು ಪುಟ್ಟ ಗಂಟು ಕಟ್ಟಿ, ಸೀರೆಗೆ ತಾಗದಂತೆ ಇಡಿ. ನುಸಿ ಗುಳಿಗೆ ಇಟ್ಟರೆ ಜೊತೆಗೆ ಕರ್ಪೂರ ಇಡಬೇಡಿ. ಎರಡೂ ಸೇರಿದರೆ ಬೆವರಿ ನೀರಾಗಿ ಬಟ್ಟೆಗೆ ಕಲೆ ಹತ್ತುತ್ತದೆ.

ಗಂಟಿನಲ್ಲಿರುವ ಸಾದಾ ಹತ್ತಿ ಸೀರೆಗಳನ್ನು ಮನಸ್ಸು ಗಟ್ಟಿ ಮಾಡಿಕೊಂಡು ಕೌದಿಗೆ ಕೊಡಿ. 4 ಅಡಿ ಅಗಲ, 6 ಅಡಿ ಉದ್ದದ, ನಾಲ್ಕು ಪದರದ ಕೌದಿಗೆ ಹರಿದ ಭಾಗ ಕಳೆದರೆ ಎರಡು ಸೀರೆ ಬೇಕಾದೀತು. ಎಲ್ಲವನ್ನೂ ಮೊದಲೇ ಒಮ್ಮೆ ಒಗೆದಿರಬೇಕು. ರೇಷ್ಮೆ ಸೆರಗನ್ನು ಹತ್ತಿಯ ಜೊತೆ ಸೇರಿಸಬೇಡಿ: ಒಗೆದಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಕೌದಿ ಸುಕ್ಕುಗಟ್ಟುತ್ತದೆ. ಊರಿನಲ್ಲಿ ಕೌದಿ ಹಾಕುವವರು ಇನ್ನೂ ಸಿಗುತ್ತಾರೆ, ಅವರಿಗೇ ಕೊಡಿ. ಬೆಂಗಳೂರಿನಲ್ಲಿ ಮೆಷಿನ್ನಿನಲ್ಲಿ ಹೊಲಿದರೆ ಬಿರುಸಾಗುತ್ತದೆ. ಸೋಫಾ ಬೆನ್ನಿಗೆ ಹಾಸಿದ ಒಂದು ಕೌದಿ ಹತ್ತು ಕುಶನ್‌ಗೆ ಸಮ, ಮಗ್ಗುಲಲ್ಲೇ ಇರುವುದರಿಂದ ಹೊದೆಯಲೂ ಬರುತ್ತದೆ.

ಜಮಖಾನವನ್ನು ಹಾಲ್‌ನಲ್ಲೇ ಹಾಸಿ, ಗೋಡೆಗೆ ಹೊಡೆಯಬೇಡಿ. ಅದು ಎರಡೂ ಮೈ ಒಂದೇ ರೀತಿ ಇರುವ ನೇಯ್ಗೆ, ಆರು ತಿಂಗಳಿಗೊಮ್ಮೆ ಮಗುಚಿದರೆ ಸವೆತ ಹಂಚಿಹೋಗುತ್ತದೆ. ನುಣ್ಣನೆ ಟೈಲ್ಸ್ ಮೇಲೆ ಜಾರುತ್ತದೆ, ಕೆಳಗೆ ಜಾಲರಿಯಂಥ ಜಾರದ ಮ್ಯಾಟ್ ಹಾಕಿ. ರಬ್ಬರ್ ಹಾಳೆ ಹಾಕಿದರೆ ಕಲೆ ಬೀಳುತ್ತದೆ.

ಹಂಡೆ, ಹಿತ್ತಾಳೆ, ಕಲ್ಲು

ಹಂಡೆಯಲ್ಲಿ ನೇರವಾಗಿ ಮಣ್ಣು ತುಂಬಿದರೆ ಗೊಬ್ಬರದ ಉಪ್ಪು, ತೇವ ಎರಡೂ ಸೇರಿ ಒಳಗೆ ಹಸಿರು ಕಿಲುಬು ಕಟ್ಟುತ್ತದೆ, ಹಂಡೆಯೂ ಹಾಳು, ತಾಮ್ರ ಹೆಚ್ಚಾಗಿ ಬೇರೂ ಸೊರಗುತ್ತದೆ. ಒಳಗೆ ಒಂದು ಇಟ್ಟಿಗೆ, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಪ್ಲಾಸ್ಟಿಕ್ ಕುಂಡ. ನೀರು ಹಾಕುವಾಗ ಕುಂಡ ಹೊರಗೆ ತೆಗೆದು ಹಾಕಿ. ಹಂಡೆ ಉರುಳದಂತೆ ಕೆಳಗೆ ಸಿಂಬಿ ಇರಲಿ. ತಳದ ಮಸಿಯನ್ನು ಉಜ್ಜಿ ತೆಗೆಯಬೇಕೇ? ನನ್ನ ಮಾತು ಕೇಳಿದರೆ ಬೇಡ. ಒಲೆಯ ಮೇಲೆ ಕೂತದ್ದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ. ಕೈಗೆ ಹತ್ತುವ ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಗಟ್ಟಿಯಾಗಿ ಕೂತದ್ದನ್ನು ಬಿಡಿ.

ಹಿತ್ತಾಳೆ ಪಾತ್ರೆಗಳನ್ನು ಬೆಳಗುವ ಮೊದಲು ಕಂಠದ ಸುತ್ತ, ಹೊಟ್ಟೆಯ ಮೇಲೆ ನೋಡಿ. ಮದುವೆಯಲ್ಲಿ ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಓರೆಯಾಗಿ ಆಡಿಸಿದರೆ ಅಕ್ಷರ ಮೂಡುತ್ತದೆ, ಆ ಕಾಗದವನ್ನು ಫೋಟೊಗಳ ಜೊತೆ ಇಡಿ. ಪಾತ್ರೆ ಜೋಡಿಸುವಾಗ ಹೆಸರಿರುವ ಕಡೆ ಮುಂದೆ ಬರಲಿ. ಆಳವಿಲ್ಲದ ಈ ಚುಕ್ಕಿಗಳು ಪ್ರತಿ ಬೆಳಗಿಗೂ ಒಂದಿಷ್ಟು ಸವೆಯುತ್ತವೆ, ಆದ್ದರಿಂದ ಪುಡಿ ಹಾಕಿ ಉಜ್ಜುವುದನ್ನು ವರ್ಷಕ್ಕೆ ಎರಡು ಸಲಕ್ಕೆ ನಿಲ್ಲಿಸಿ. ನಿಂಬೆ ಗಾತ್ರದ ಹುಣಸೆಹಣ್ಣು ಅರ್ಧ ಲೋಟ ನೀರಿನಲ್ಲಿ ನೆನೆಸಿ, ಅರ್ಧ ಚಮಚ ಉಪ್ಪು, ಮೆತ್ತನೆ ಬಟ್ಟೆ, ಎರಡು ಮೂರು ನಿಮಿಷ. ತೊಳೆದ ಕೂಡಲೇ ಒರೆಸಿ ಒಣಗಿಸಿ. ಹುಳಿ ಹೆಚ್ಚು ಹೊತ್ತು ನಿಂತರೆ ಹಿತ್ತಾಳೆಯೊಳಗಿನ ಸತು ಕರಗಿ, ತಾಮ್ರ ಮೇಲೆ ಉಳಿದು, ಪಾತ್ರೆ ಗುಲಾಬಿ ಗುಲಾಬಿಯಾಗುತ್ತದೆ. ಆ ಬಣ್ಣ ಹೋಗಲಾಡಿಸಲು ಮತ್ತೆ ಹುಳಿ ಹಾಕುವವರೇ ಹೆಚ್ಚು. ಒಂದೆರಡು ತಂಬಿಗೆಗಳನ್ನು ಊಟದ ಮೇಜಿಗೆ ನೀರಿಗೆ ಬಳಸಿ. ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡುವುದಾದರೆ ಮಾತ್ರ ಮೊದಲು ಕಲಾಯಿ ಹಾಕಿಸಬೇಕು. ಹಂಡೆ, ಕೊಡ ಯಾವುದನ್ನಾದರೂ ದೀಪ ಮಾಡಿಸಿದರೆ ಅರ್ಥಿಂಗ್ ಇರುವ ಮೂರು ಎಳೆಯ ವೈರೇ ಆಗಬೇಕು, ಲೋಹದ ಮೈಗೆ ಕರೆಂಟು ಹೊಡೆಯದಂತೆ.

ಬೀಸುವ ಕಲ್ಲಿನ ಭಾರಕ್ಕೆ ಸ್ಲ್ಯಾಬ್ ಹೆದರುವುದಿಲ್ಲ. ವಾಸದ ಕೋಣೆಗಳನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ಲೆಕ್ಕ ಹಾಕಿಯೇ ಕಟ್ಟುತ್ತಾರೆ. ಹೆದರಬೇಕಾದ್ದು ಟೈಲ್ಸ್. ಕೆಳಗೆ 10 ಮಿ.ಮೀ. ರಬ್ಬರ್ ಪ್ಯಾಡ್ ಹಾಕಿ, ಎಳೆಯದೆ ಎತ್ತಿ ಇಡಿಸಿ. ಗೂಟ ಗಟ್ಟಿಯಿದ್ದರೆ ವರ್ಷಕ್ಕೊಮ್ಮೆಯಾದರೂ ಕಡಲೆಬೇಳೆ ಒಡೆದು ನೋಡಿ, ಮಕ್ಕಳು ಬಿಡುವುದಿಲ್ಲ.

ತೊಟ್ಟಿಲು, ಕಂಬ

ಕಲಘಟಗಿ ತೊಟ್ಟಿಲಿನ ಬಣ್ಣ ಅರಗಿನದು. ನೀರಿಗೆ ಅದು ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗಿಹೋಗುತ್ತದೆ. ಸ್ಯಾನಿಟೈಸರ್, ಗಾಜು ಒರೆಸುವ ಸ್ಪ್ರೇ, ಥಿನ್ನರ್ ಹತ್ತಿರ ತರಬೇಡಿ. ಸಾಗಣೆಯಾದ ಮೇಲೆ ಕೆಲಸದವರು ‘ಒಂದ್ಸಲ ಒರೆಸ್ತೀವಿ’ ಎಂದು ಮೊದಲು ಕೈಹಾಕುವುದೇ ಇಂಥ ಸ್ಪ್ರೇ ಬಾಟಲಿಗೆ. ಮೆತ್ತನೆ ಒಣ ಬ್ರಷ್ ಸಾಕು. ಬಿಸಿಗೂ ಅರಗು ಮೆತ್ತಗಾಗುವುದರಿಂದ ಬಿಸಿಲು ಬೀಳುವ ಗಾಜಿನ ಬಾಗಿಲ ಬಳಿ ಇಡಬೇಡಿ.

ಚಾವಣಿಗೆ ತೂಗುಹಾಕುವುದಾದರೆ ಜಿಪ್ಸಂ ಸೀಲಿಂಗಿಗೆ ಆಗದು, ಮೇಲಿನ ಸ್ಲ್ಯಾಬಿಗೇ ಆಂಕರ್ ಬೋಲ್ಟ್ ಹೋಗಬೇಕು. ಹೊಸ ಎತ್ತರದ ಕಟ್ಟಡಗಳಲ್ಲಿ ಪೋಸ್ಟ್ ಟೆನ್ಶನ್ ಸ್ಲ್ಯಾಬ್ ಇರಬಹುದು. ಅದರೊಳಗೆ ಬಿಗಿದ ಉಕ್ಕಿನ ಹಗ್ಗಗಳಿರುತ್ತವೆ, ಡ್ರಿಲ್ ಒಂದಕ್ಕೆ ತಾಗಿದರೂ ಅನಾಹುತ. ಬಿಲ್ಡರಿನಿಂದ ಲಿಖಿತ ಒಪ್ಪಿಗೆ ಬಂದಮೇಲೆಯೇ ಕೈಹಾಕಿ. ಇಲ್ಲವೇ ನೆಲದ ಮೇಲೆ ನಿಲ್ಲುವ ಮರದ ಸ್ಟ್ಯಾಂಡ್ ಮಾಡಿಸಿ, ನನ್ನ ಆಯ್ಕೆ ಅದೇ. ಮಗುವನ್ನು ದಿನವೂ ಮಲಗಿಸಲು ಬಳಸಬೇಡಿ: ಹಳೇ ಬಣ್ಣದಲ್ಲಿ ಸೀಸ, ಪಾದರಸದಂಥವು ಇರುವ ಸಾಧ್ಯತೆಯಿದೆ, ಮಗು ಅಂಚು ಕಚ್ಚುತ್ತದೆ. ತೊಟ್ಟಿಲ ಶಾಸ್ತ್ರದ ದಿನ ಸಾಕು. ಖಾಲಿ ತೊಟ್ಟಿಲು ತೂಗಬಾರದೆಂದು ಮನೆಯ ಹಿರಿಯರು ಆಕ್ಷೇಪಿಸಿದರೆ ಉಳಿದ ದಿನ ಅದರಲ್ಲಿ ಮಕ್ಕಳ ಪುಸ್ತಕ, ಗೊಂಬೆ ತುಂಬಿಡಿ.

ಕಂಬಕ್ಕೆ ಕೈಹಾಕುವ ಮೊದಲು ಲಿಫ್ಟಿನ ಒಳ ಎತ್ತರ, ಕರ್ಣ ಎರಡೂ ಅಳೆಯಿರಿ. ಒಂಬತ್ತು ಮಹಡಿ ಮೆಟ್ಟಿಲಲ್ಲಿ ಹೊರಿಸುವುದೋ, ತುಂಡು ಮಾಡುವುದೋ ಎಂಬ ತೀರ್ಮಾನ ಊರಲ್ಲೇ ಆಗಬೇಕು. ನೆಲ ಮುಟ್ಟುತ್ತಿದ್ದ ತುದಿಯಲ್ಲಿ ಗೆದ್ದಲು ತಿಂದ ಭಾಗವನ್ನು ಅಲ್ಲೇ ಕತ್ತರಿಸಿ, ಫ್ಲ್ಯಾಟಿಗೆ ತರಬೇಡಿ. ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕೊರೆಹುಳು ಇನ್ನೂ ಜೀವಂತ. ಕೀಟನಾಶಕವನ್ನು ಸಿರಿಂಜಿನಲ್ಲಿ ತೂತು ತೂತಿಗೂ ಬಿಡಿಸಿ, ಪ್ಲಾಸ್ಟಿಕ್ಕಿನಲ್ಲಿ ಎರಡು ವಾರ ಸುತ್ತಿಡಿಸಿ. ಪುಡಿ ಮತ್ತೆ ಬಿದ್ದರೆ ಮತ್ತೊಂದು ಸುತ್ತು. ತಂದ ಮೇಲೆ ನಾಲ್ಕಾರು ವಾರ ಹಾಗೇ ಒರಗಿಸಿಡಿ, ಹೊಸ ಜಾಗದ ಹವೆಗೆ ಮರ ಹೊಂದಿಕೊಳ್ಳಲಿ. ಬಿರುಕು ಬಿಡುವುದಿದ್ದರೆ ಆಗಲೇ ಬಿಡುತ್ತದೆ.

ಸ್ಯಾಂಡಿಂಗ್ ಮಾಡಿದರೆ ತಲೆಮಾರುಗಳ ಬೆನ್ನು ಒರಗಿ ಬಂದ ನುಣುಪು ಹೋಗಿ, ಅಂಗಡಿಯಲ್ಲಿ ಸಿಗುವ ಹೊಸ ಕಂಬವಾಗುತ್ತದೆ. ಒಣ ಬ್ರಷ್, ಆಮೇಲೆ ಹಿಂಡಿದ ಒದ್ದೆ ಬಟ್ಟೆ, ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಪಾಲು ಬೆರೆಸಿ ತೆಳುವಾಗಿ ಹಚ್ಚಿ. ಇಪ್ಪತ್ತು ನಿಮಿಷದಲ್ಲಿ ಹೀರದೆ ಉಳಿದದ್ದನ್ನು ಒರೆಸಿ ತೆಗೆಯಿರಿ, ಇಲ್ಲವಾದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಬಾಲ್ಕನಿಯಲ್ಲಿ ಹರವಿ ಒಣಗಿಸಿ ಎಸೆಯಿರಿ. ಕಂಬ ನಿಲ್ಲಿಸುವಾಗ ಮೇಲೆ ಕೆಳಗೆ ಉಕ್ಕಿನ ಪಟ್ಟಿ ಕೊಟ್ಟು ಗೋಡೆಗೆ ಬಿಗಿಸಿ. ಎರಡೂ ಕಂಬ ಹಾಲ್‌ಗೂ ಊಟದ ಜಾಗಕ್ಕೂ ನಡುವೆ ಬಂದರೆ ಒಳ್ಳೆಯದು, ಮಕ್ಕಳು ಹಿಡಿದು ಸುತ್ತುವಂತಿರಲಿ.

ದೀಪಗಳ ವಿಷಯದಲ್ಲಿ ನಿಮ್ಮ ವಿನ್ಯಾಸಕಾರರ ನೆರವು ಖಂಡಿತ ಬೇಕು. ಹಳದಿ ಛಾಯೆಯ, 2700–3000 ಕೆಲ್ವಿನ್‌ನ, ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಅಳತೆ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಕೇಳಿ, ತಾಮ್ರದ ಕೆಂಪೂ ಕಂಬದ ಕಂದೂ ಸರಿಯಾಗಿ ಕಾಣುತ್ತವೆ. ಸೀರೆಯ ಮೇಲೆ ನೇರ ದೀಪ ಬೇಡ. ಕೆಲಸದ ಕರಾರಿನಲ್ಲಿ ಒಂದು ಸಾಲು ಸೇರಿಸಲು ಮರೆಯಬೇಡಿ: ಮೂಲ ಫೋಟೊ, ಸೀರೆ, ತೊಟ್ಟಿಲು ಇವುಗಳನ್ನು ನಿಮ್ಮ ಸಹಿ ಇಲ್ಲದೆ ಮನೆಯಿಂದ ಹೊರಗೆ ಒಯ್ಯುವಂತಿಲ್ಲ, ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ.